ಸೂರತ್ತಿಗೆ ಹೋದ ಕೌದಿ

ಗುಂಪಿನ ಹೆಂಗಸರನ್ನು ನಾನು ಮೊದಲು ಗುರುತು ಹಿಡಿದದ್ದು ಅವರ ಮನೆಯ ಸಾಮಾನಿನಿಂದ. ಒಬ್ಬಳದು ಹಿಡಿ ಮುರಿದ ಚಹಾ ಜರಡಿ, ಒಬ್ಬಳದು ಮುಚ್ಚಳ ಸರಿ ಕೂಡದ ಕುಕ್ಕರು, ಇನ್ನೊಬ್ಬಳದು ಬಾಗಿಲ ಹೊರಗೆ ಚೆಲ್ಲಾಪಿಲ್ಲಿ ಬಿದ್ದ ಮಕ್ಕಳ ಚಪ್ಪಲಿ. ಮುಖ ಯಾರದೂ ನೋಡಿರಲಿಲ್ಲ. ಎಲ್ಲವೂ ಪೆನ್ನಿನಲ್ಲಿ ಬರೆದ ಚಿತ್ರಗಳು, ಸೊಸೆಯ ಕಂಪ್ಯೂಟರಿನಲ್ಲಿ ಬರುತ್ತಿದ್ದವು.

ಆಗ ನಾವು ಅಹಮದಾಬಾದಿನ ಹೊರವಲಯದ ಬೋಪಾಲ್‌ನಲ್ಲಿದ್ದೆವು. ಮಗನಿಗೆ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಸುತ್ತ ಹೊಸ ಕಟ್ಟಡಗಳು ಏಳುತ್ತಲೇ ಇದ್ದವು, ಬೆಳಿಗ್ಗೆ ಒರೆಸಿದ ನೆಲದ ಮೇಲೆ ಮಧ್ಯಾಹ್ನಕ್ಕೆ ಸಿಮೆಂಟಿನ ಧೂಳು. ಊಟ ಮುಗಿದು ಮೊಮ್ಮಗಳು ಶಾಲೆಯಿಂದ ಬರುವ ತನಕ ಸೊಸೆ ಕಂಪ್ಯೂಟರ್ ಮುಂದೆ ಕೂಡುತ್ತಿದ್ದಳು. ಇಂಟರ್‌ನೆಟ್ ಹಚ್ಚಿದರೆ ಮನೆಯ ಫೋನ್ ಬಂದ್. ಊರಿನಲ್ಲಿ ಯಾರಾದರೂ ಸತ್ತರೂ ನಮಗೆ ಸಂಜೆಯ ತನಕ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನು ಅವಳಿಗೆ ಹೇಳಿಯೂ ಇದ್ದೆ.

ಅದು ಗುಜರಾತಿನಲ್ಲಿರುವ ಕನ್ನಡದ ಹೆಂಗಸರ ಗುಂಪು. ಅಹಮದಾಬಾದಿನವರು, ವಡೋದರಾದವರು, ಸೂರತ್ತಿನವರು. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು, ಸೊಸೆ ನನಗೆ ಓದಿ ಹೇಳಬೇಕಾಗಿತ್ತು. ನಡೆಸುತ್ತಿದ್ದವರು ವಡೋದರಾದಲ್ಲಿ ಶಾಲೆಯೊಂದರ ಚಿತ್ರಕಲಾ ಟೀಚರು, ಮೈಸೂರು ಕಡೆಯವರು. ಅವರ ಕಟ್ಟಳೆ ಇಷ್ಟೇ: ಮನೆಯಲ್ಲಿ ಕಣ್ಣೆದುರು ಇರುವುದನ್ನು ಬರೆಯಬೇಕು, ಅಳಿಸಬಾರದು, ಬೇರೆಯವರು ಅದರ ಬಗ್ಗೆ ಒಳ್ಳೆಯ ಮಾತು ಹೇಳಬೇಕು. ಸೊಸೆ ಗಂಡನ ಆಫೀಸಿನಿಂದ ಬಂದ, ಅಂಚಿನಲ್ಲಿ ತೂತು ಸಾಲಿರುವ ಕಾಗದದ ಹಿಂಬದಿಗೆ ಬರೆಯುತ್ತಿದ್ದಳು. ಮೊದಮೊದಲು ಸ್ಕೂಟರ್ ಮೇಲೆ ನವರಂಗಪುರದ ಅಂಗಡಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಿದ್ದಳು. ಆಮೇಲೆ ಮಗ ಮನೆಗೇ ಸ್ಕ್ಯಾನರ್ ತಂದ.

ನಾನು ಆ ಗುಂಪಿಗೆ ಹೊಕ್ಕದ್ದು ಕೌದಿಯ ಮೂಲಕ. ಹಳೆಯ ಸೀರೆ ಪದರು ಪದರಾಗಿ ಹಾಸಿ, ಮೇಲೆ ಬಟ್ಟೆಯ ತುಂಡುಗಳನ್ನು ಇಟ್ಟು, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತಾ ಹೋಗುವುದು ನನಗೆ ಬರುವ ಒಂದೇ ಕೈಕೆಲಸ. ನಮ್ಮ ಧಾರವಾಡದ ಕಡೆ ಅದೇನು ದೊಡ್ಡ ಮಾತಲ್ಲ. ಮೊಮ್ಮಗಳಿಗೆ ಹೊಲಿಯುತ್ತಿದ್ದ ಕೌದಿಯ ಮೂಲೆಯನ್ನು ಸೊಸೆ ಸ್ಕ್ಯಾನರಿನ ಗಾಜಿನ ಮೇಲಿಟ್ಟು, ಮುಚ್ಚಳ ಕೂಡದೆ ಮೇಲೆ ಡಿಕ್ಷನರಿ ಹೇರಿ, ಗುಂಪಿಗೆ ಕಳಿಸಿದಳು. ಅಂದಿನಿಂದ ನಾನು ಅವರೆಲ್ಲರ ಅಜ್ಜಿಯಾದೆ. ಯಾರ ಚಿತ್ರ ಬಂದರೂ "ಅಜ್ಜಿ ಏನಂತಾರೆ" ಅಂತ ಕೇಳುವುದು ಶುರುವಾಯಿತು.

"ಅತ್ತಿ, ಟೀಚರ್ ಕಿಟಕಿಯಿಂದ ಕಂಡ ಆಕಳಾ ಬರದಾರ. ಹೆಂಗೈತ್ರಿ?"

"ಆಕಳಾ? ನಾ ಮೇಜ ಅಂತ ತಿಳದಿದ್ದೆ."

ಸೊಸೆ ಟಪಟಪ ಬೆರಳಾಡಿಸಿದಳು.

"ಏನ ಬರದಿ?"

"ಕಾಲು ಭಾಳ ಗಟ್ಟಿಮುಟ್ಟಾಗಿ ಬಂದಾವು ಅಂತ ಅತ್ತಿ ಹೇಳಿದ್ರು, ಅಂತ ಬರದೆ."

ಅದು ಸುಳ್ಳೇನೂ ಅಲ್ಲ. ನಾನು ನಾಲ್ಕನೇ ಇಯತ್ತೆ ಓದಿದವಳು, ಚಿತ್ರದ ವಿಷಯ ನನಗೆ ತಿಳಿಯದು. ಕಂಡದ್ದನ್ನು ಹೇಳುತ್ತಿದ್ದೆ, ಅವಳು ಅದಕ್ಕೆ ಬೆಲ್ಲ ಹಚ್ಚಿ ಕಳಿಸುತ್ತಿದ್ದಳು.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಸೂರತ್ತಿನ ಹುಡುಗಿ. ದಾವಣಗೆರೆ ಕಡೆಯವಳು, ಗಂಡ ಕಾರ್ಖಾನೆಯಲ್ಲಿ ಎಂಜಿನಿಯರ್. ಅವಳ ಗೆರೆ ಚುರುಕು. ಕಿಟಕಿಯ ಸರಳಿನ ಮೇಲೆ ಕೂತ ಗುಬ್ಬಿ, ಹಾಲಿನ ಪಾಕೀಟು, ಹಗ್ಗದ ಮೇಲೆ ಗಂಡನ ಬನಿಯನ್. ಒಮ್ಮೆಲೇ ಅವಳ ಚಿತ್ರಗಳು ಬದಲಾದವು. ಬರೀ ಫ್ಯಾನು. ಕೆಳಗಿನಿಂದ ಕಂಡ ಫ್ಯಾನು, ಮರುದಿನ ಮತ್ತೆ ಫ್ಯಾನು, ಪರದೆಯ ಅಂಚು, ನೀರಿನ ಬಾಟಲಿ. ಹೊಟ್ಟೆಯಲ್ಲಿ ಕೂಸು, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರೆ ಎಂದು ಟೀಚರು ಎಲ್ಲರಿಗೂ ಬರೆದರು. ಹಿಂದೆ ಎರಡು ಸಲ ನಿಂತಿರಲಿಲ್ಲವಂತೆ.

ಎಲ್ಲರೂ ಫ್ಯಾನು ಚೆಂದ ಬಂದಿದೆ ಅಂತ ಬರೆದರು. ಒಮ್ಮೆ ತನ್ನ ಪಾದಗಳನ್ನು ಬರೆದು ಕಳಿಸಿದಳು, ಬಾತುಕೊಂಡ ಪಾದಗಳು. ದಿಂಬಿನ ಮೇಲೆ ತಲೆಯಿಟ್ಟು ಪಾದ ನೋಡಿದರೆ ನಡುವೆ ಹೊಟ್ಟೆ ಕಾಣಲೇಬೇಕು. ಚಿತ್ರದಲ್ಲಿ ಹೊಟ್ಟೆ ಇರಲಿಲ್ಲ, ಆ ಜಾಗದಲ್ಲಿ ಬಿಳಿ ಕಾಗದ. ನಾನು ಅದನ್ನು ಹೇಳಿದಾಗ ಸೊಸೆ ಬೆರಳು ಆಡಿಸಲಿಲ್ಲ. "ಇದನ್ನ ಬರಿಯೂದ ಬ್ಯಾಡ್ರಿ ಅತ್ತಿ" ಅಂದಳು. ನಾನೂ ಬೇಡ ಅಂದೆ.

ಆಗ ಟೀಚರಿಗೆ ಒಂದು ವಿಚಾರ ಹೊಳೆಯಿತು. ಪ್ರತಿಯೊಬ್ಬರೂ ಒಂದೊಂದು ತುಂಡು ಬಟ್ಟೆಯ ಮೇಲೆ ಚಿತ್ರ ಮಾಡಿ ಬೋಪಾಲ್‌ಗೆ ಕಳಿಸುವುದು, ಅಜ್ಜಿ ಎಲ್ಲವನ್ನೂ ಸೇರಿಸಿ ಕೂಸಿಗೆ ಪುಟ್ಟ ಕೌದಿ ಹೊಲಿಯುವುದು, ಹುಡುಗಿಗೆ ಉಲ್ಲಾಸ ಬರಲಿ ಎಂದು ಹೆರಿಗೆಗೆ ಮುಂಚೆಯೇ ಕೊಡುವುದು. ನನ್ನನ್ನು ಯಾರೂ ಕೇಳಲಿಲ್ಲ. ಕೊರಿಯರಿನವನು ದಿನಾ ಬಂದು ಬಾಗಿಲು ಬಡಿಯತೊಡಗಿದ.

ಬಂದ ಬಟ್ಟೆಯೆಲ್ಲ ಹೊಸ ಪಾಪ್ಲಿನ್. ಗಂಜಿಯೂ ಹೋಗಿಲ್ಲ. ಅದರ ಮೇಲೆ ಪೇಂಟು, ಒಣಗಿ ಹಪ್ಪಳದ ಹಾಗೆ ನಿಂತಿತ್ತು. ಗಂಡ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿರುವ ಹೆಂಗಸೊಬ್ಬಳು ಗುಜರಾತಿಗಳಂತೆ ಕನ್ನಡಿ ಚೂರು ಕೂರಿಸಿ ಕಳಿಸಿದ್ದಳು. ಹಸುಗೂಸಿನ ಮೈ ಕೆಳಗೆ ಕನ್ನಡಿ ಹಾಸಬೇಕೆಂದು ಆಕೆಗೆ ಹೇಗೆ ಹೊಳೆಯಿತೋ. ನಮ್ಮಲ್ಲಿ ಕೂಸಿಗೆ ಮೊದಲು ಮುಟ್ಟಿಸುವುದು ಹಳೆಯ ಬಟ್ಟೆ, ಹತ್ತು ವರ್ಷ ಉಟ್ಟು ಒಗೆದು ಮೆತ್ತಗಾದದ್ದು. ಅದೂ ಕೂಸು ಹುಟ್ಟಿದ ಮೇಲೆ. ಹುಟ್ಟುವ ಮುಂಚೆ ಟೊಪ್ಪಿಗೆ, ಕುಂಚಿಗೆ, ಕೌದಿ ಏನನ್ನೂ ಮಾಡಿಡುವುದಿಲ್ಲ.

"ನಾ ಹೊಲಿಯಂಗಿಲ್ಲ" ಅಂದೆ.

"ಅತ್ತಿ, ನಾ ಎಲ್ಲಾರಿಗೂ ಹೂಂ ಅಂತ ಬರದೀನ್ರಿ."

"ಹೂಂ ಅಂದಾಕಿ ನೀ. ನೀ ಹೊಲಿ."

ಅವಳಿಗೆ ಸೂಜಿಗೆ ದಾರ ಪೋಣಿಸುವುದಕ್ಕೇ ಅರ್ಧ ತಾಸು. ಗುಂಪಿಗೆ ಏನು ಬರೆದಳೋ, ಮುಂದಿನ ಭಾನುವಾರ ಟೀಚರು ವಡೋದರಾದಿಂದ ನಮ್ಮ ಮನೆಗೇ ಬಂದರು. ಖಾದಿ ಸೀರೆ, ಕತ್ತರಿಸಿದ ಕೂದಲು, ನಗುಮುಖ. ಪೇಂಟಿನ ತುಂಡುಗಳನ್ನು ಸೋಫಾದ ಮೇಲೆ ಹರಡಿದರು.

"ಅಮ್ಮ, ಎಲ್ರೂ ಎಷ್ಟು ಪ್ರೀತಿಯಿಂದ ಕಳ್ಸಿದಾರೆ ನೋಡಿ."

"ಪ್ರೀತಿ ಕಾಣತೈತ್ರಿ. ಸೂಜಿ ಹೋಗಂಗಿಲ್ಲ."

"ಬಟ್ಟೆ ಬೇಕಾದ್ರೆ ಬದಲಾಯಿಸೋಣ. ಆದ್ರೆ ಹುಟ್ಟೋಕ್ಮುಂಚೆ ಬೇಡ ಅನ್ನೋದು ಮೂಢನಂಬಿಕೆ ಅಲ್ವಾ ಅಮ್ಮ?"

"ಇರಬಹುದ್ರಿ. ಒಂದ ಮಾತ ಕೇಳ್ತೀನಿ. ಕೂಸು ಬರಲಿಲ್ಲ ಅಂದ್ರ ಆ ಕೌದಿ ಎಲ್ಲಿ ಇಡ್ತೀರಿ? ದವಾಖಾನಿಂದ ಬರಿಗೈಲೆ ಬಂದಾಕಿ ಕಪಾಟ ತಗದ್ರ ಎದುರಿಗೆ ಅದ ಇರತೈತಿ. ಅದನ್ನ ತಗದು ಬ್ಯಾರೆ ಕಡೆ ಇಡಾಕ ವಡೋದರಾದಿಂದ ನೀವು ಬರ್ತೀರೇನು?"

ಟೀಚರ ನಗು ಹೋಯಿತು. ಸೊಸೆ ಚಹಾ ತರುತ್ತೇನೆಂದು ಎದ್ದು ಹೋದಳು, ಚಹಾ ಆಗಲೇ ಕುಡಿದಾಗಿತ್ತು. ನನ್ನ ಅಕ್ಕನಿಗೆ ಹಾಗಾಗಿತ್ತು. ಹೊಲಿದಿಟ್ಟ ಕುಂಚಿಗೆಯನ್ನು ಬಿಚ್ಚಿ ಮತ್ತೆ ಬರೀ ಬಟ್ಟೆ ಮಾಡಿದವಳು ನಾನು, ಹನ್ನೆರಡು ಹದಿಮೂರು ವರ್ಷದವಳಿದ್ದೆ. ಹೊಲಿಗೆ ಬಿಚ್ಚಿದರೂ ತೂತು ಹಾಗೇ ಇರುತ್ತದೆ. ಅದನ್ನೆಲ್ಲ ಟೀಚರಿಗೆ ಹೇಳಲಿಲ್ಲ. ಅವರು ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು.

ಎರಡು ದಿನ ಬಿಟ್ಟು ಸಂಜೆ ಫೋನ್ ಬಂತು. ನಾನೇ ಎತ್ತಿದೆ.

"ಅಜ್ಜಿ, ನಾನು ಸೂರತ್ತಿಂದ. ಕೌದಿ ಹೊಲಿಯಲ್ಲ ಅಂದ್ರಂತೆ."

"ಅಂದೀನಿ."

"ಯಾಕೆ ಅಂತ ಯಾರೂ ಹೇಳ್ತಿಲ್ಲ. ನನಗೆ ಯಾರೂ ಏನೂ ಹೇಳಲ್ಲ ಅಜ್ಜಿ. ನಮ್ಮತ್ತೆ ದಿನಾ ಫೋನ್ ಮಾಡಿ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತಾರೆ. ಮಗು ಅನ್ನೋ ಮಾತೇ ಎತ್ತಲ್ಲ. ನಮ್ಮಮ್ಮನೂ ಎತ್ತಲ್ಲ. ಇವರು ಡ್ಯೂಟಿ ಮುಗಿಸಿ ಬಂದು ಫ್ಯಾನ್ ಚೆನ್ನಾಗಿದೆ ಅಂತಾರೆ. ನೀವಾದ್ರೂ ಇದ್ದದ್ದು ಇದ್ದಂಗೆ ಹೇಳ್ತೀರಿ ಅಂತ ಮಾಡಿದೀನಿ. ನಿಮಗೂ ಇದು ಉಳಿಯಲ್ಲ ಅನ್ಸಿದೆಯಾ?"

"ನನಗೇನ ಗೊತ್ತವಾ. ನಾ ಡಾಕ್ಟರಲ್ಲ."

ಆ ಕಡೆ ಮೂಗು ಏರಿಸಿದ ಸದ್ದು. ನಾನು ಸಮಾಧಾನ ಹೇಳುವವಳಲ್ಲ, ನನಗೆ ಅದು ಬರುವುದಿಲ್ಲ. ಆದರೆ ಅವಳು ಕೇಳಿದ್ದು ಕಿವಿಯಲ್ಲಿ ಕೂತಿತು. ಕೂಸು ಬರಲಿಕ್ಕಿಲ್ಲ ಅಂತಲೇ ನಾನು ಹೊಲಿಯುತ್ತಿಲ್ಲ ಎಂದು ಅವಳಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನಿದೆ.

"ನಿನ್ನ ಹಳೇ ಸೀರಿ ಅದಾವೇನು?" ಅಂದೆ.

"ನಾನು ಸೀರೆ ಉಡಲ್ಲ ಅಜ್ಜಿ, ಚೂಡಿದಾರ."

"ಅದನ್ನರ ಕಳಸು. ಮೊಣಕಾಲಿನ್ಯಾಗ ತೆಳ್ಳಗಾಗಿದ್ರ ಛಲೋ. ನಿನ್ನ ಎತ್ತರ ಎಷ್ಟು?"

"ನನ್ನ ಎತ್ತರ ಯಾಕೆ?"

"ಹೊಚ್ಚಕೊಳ್ಳಾಕಿ ನೀನ ಅಲ್ಲೇನು? ಕೂಸು ಬಂದ್ರ ಅದಕ್ಕ ಬ್ಯಾರೆ ಹೊಲೀತೀನಿ, ಬಂದ ಮ್ಯಾಲೆ. ಇದು ನಿನಗ. ಏನಾದ್ರೂ ನೀ ಮಲಗಬೇಕಲ್ಲ."

ತನ್ನ ಎತ್ತರ ಹೇಳಿದಳು. ಧ್ವನಿ ಅಷ್ಟೇನೂ ಖುಷಿಯದಾಗಿರಲಿಲ್ಲ.

ಸೊಸೆ ಗುಂಪಿಗೆ ಹೊಸದಾಗಿ ಬರೆದಳು: ಉಟ್ಟು ಸವೆದ ಬಟ್ಟೆ ಕಳಿಸಿ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ನಿಮ್ಮ ಮನೆಯ ಒಂದು ವಸ್ತು ಬರೆಯಿರಿ, ಅತ್ತೆ ಆ ಗೆರೆಯ ಮೇಲೇ ದಾರ ಓಡಿಸುತ್ತಾರೆ. ಹೊಸ ಬಟ್ಟೆ ಕಳಿಸಲು ಅವಸರ ಮಾಡಿದವರು ಹಳೆಯದಕ್ಕೆ ನಾಚಿದರು. ಬಗಲಲ್ಲಿ ಹರಿದಿದೆ, ಕ್ಷಮಿಸಿ ಅಂತ ಚೀಟಿ ಇಟ್ಟರು. ಇಸ್ತ್ರಿ ಮಾಡಿ ಕಳಿಸಿದರು. ಒಬ್ಬಳು ಹೊಸ ಬಟ್ಟೆಯನ್ನೇ ನಾಲ್ಕು ಸಲ ಒಗೆದು ಹಳೆಯದೆಂದು ಕಳಿಸಿದ್ದಳು. ಕೈಗೆ ಹಿಡಿದರೆ ಗೊತ್ತಾಗುತ್ತದೆ. ವಾಪಸು ಕಳಿಸಿದೆ.

ಬೇರೆಯವರು ಎಳೆದ ಗೆರೆಯ ಮೇಲೆ ನಾನು ಅಲ್ಲಿಯ ತನಕ ಹೊಲಿದಿರಲಿಲ್ಲ. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಒಳಗೆ ಹೋಗುತ್ತದೆ, ಕೈಗೆ ವಿಚಾರ ಬೇಡ. ಇದು ಹಾಗಲ್ಲ. ಜರಡಿಯ ಹಿಡಿಯ ಹತ್ತಿರ ಬಂದಾಗ ಬರೆದವಳು ಎಲ್ಲಿ ತಡೆದಳು, ಎಲ್ಲಿ ಪೆನ್ಸಿಲ್ಲು ಒತ್ತಿದಳು ಅಂತ ಸೂಜಿಗೆ ತಿಳಿಯುತ್ತಿತ್ತು. ಸೊಸೆ ತನ್ನ ಹಳೆಯ ರವಿಕೆಯ ಬೆನ್ನಿನ ಮೇಲೆ ನಮ್ಮ ಮನೆಯ ಗ್ಯಾಸಿನ ಒಲೆ ಬರೆದಿದ್ದಳು. ಎರಡು ಒಲೆಯಲ್ಲಿ ಒಂದು ಸರಿಯಾಗಿ ಉರಿಯುತ್ತಿರಲಿಲ್ಲ, ಅದನ್ನು ತೆಳ್ಳಗೆ ಬರೆದಿದ್ದಳು. ಇಷ್ಟು ವರ್ಷ ಜೊತೆಗಿದ್ದು, ಆ ಒಲೆ ಅವಳಿಗೆ ಅಷ್ಟು ಕಾಟ ಕೊಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮಗನಿಗೆ ಹೇಳಿ ರಿಪೇರಿ ಮಾಡಿಸಿದೆ. ಟೀಚರು ಮತ್ತೆ ಆಕಳನ್ನೇ ಕಳಿಸಿದ್ದರು. ಕಾಲು ಹಾಗೇ ಇದ್ದವು. ನಾನೂ ಇದ್ದ ಹಾಗೇ ಹೊಲಿದೆ.

ಹೊಲಿದು ಮುಗಿದ ಮೇಲೆ ಸೊಸೆ, ನಾನು ಸೂರತ್ತಿಗೆ ಬೆಳಗಿನ ರೈಲು ಹತ್ತಿದೆವು. ವಡೋದರಾದಲ್ಲಿ ಟೀಚರು ಹತ್ತಿದರು. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಿ ಬಿಚ್ಚಿ ನೋಡಿದರು. "ಇದನ್ನ ನಮ್ಮ ಶಾಲೆ ಪ್ರದರ್ಶನದಲ್ಲಿ ಒಂದು ವಾರ ಇಡೋಕೆ ಕೊಡ್ತಾಳಾ ಅಂತ ಕೇಳ್ಬೇಕು ಅಮ್ಮ" ಅಂದರು. ಗೋಡೆಗೆ ತೂಗಿ ಹಾಕಿದರೆ ಎಲ್ಲರಿಗೂ ಕಾಣುತ್ತದಂತೆ. ನನ್ನನ್ನು ಮನೆಯಲ್ಲಿ ಹಾಗೆ ಯಾರೂ ಹೊಗಳಿದವರಲ್ಲ, ಕೇಳಲು ಹಿತವಾಗಿಯೇ ಇತ್ತು.

ಸೂರತ್ತಿನ ಹುಡುಗಿ ಚಿತ್ರದಲ್ಲಿ ಕಂಡದ್ದಕ್ಕಿಂತ ಸಣ್ಣವಳು. ಕಣ್ಣ ಸುತ್ತ ಕಪ್ಪು. ಕೌದಿ ಹರಡಿದೆವು. ಪಾದದಿಂದ ಗದ್ದದ ತನಕ ಸರಿ ಬಂತು. ಬೆರಳಿಟ್ಟು ಒಂದೊಂದನ್ನೇ ಗುರುತಿಸಿದಳು. "ಇದು ಜರಡಿ ಆಂಟಿ, ಇದು ಕುಕ್ಕರ್ ಆಂಟಿ. ಇದು ಮೇಜು... ಅಲ್ಲ, ಹಸು." ಟೀಚರೂ ನಕ್ಕರು. ನಡುವೆ ಅವಳ ಚೂಡಿದಾರದ ತುಂಡು, ಅದರ ಮೇಲೆ ಅವಳೇ ಬರೆದ ಫ್ಯಾನು. ಅದರ ಮೇಲೆ ಕೈಯಿಟ್ಟು ಕೇಳಿದಳು:

"ಇದರಲ್ಲಿ ಮಗುವಿಂದು ಅಂತ ಏನಿದೆ ಅಜ್ಜಿ?"

"ಏನೂ ಇಲ್ಲ" ಅಂದೆ. "ಹೇಳಿದ್ದೆನಲ್ಲ."

ಸೊಸೆ ನನ್ನ ಕಡೆ ನೋಡಿದ ನೋಟ ಈಗಲೂ ಮರೆತಿಲ್ಲ. ಹುಡುಗಿ ಮಾತ್ರ ಕೌದಿಯನ್ನು ಗದ್ದದ ತನಕ ಎಳೆದುಕೊಂಡಳು.

ತಿಂಗಳು ಕಳೆದಿರಬೇಕು. ಮಧ್ಯಾಹ್ನ ಸೊಸೆ ಕಂಪ್ಯೂಟರ್ ಮುಂದಿನಿಂದ ಕೂಗಿದಳು. ಸೂರತ್ತಿನಿಂದ ಚಿತ್ರ ಬಂದಿತ್ತು. ಫ್ಯಾನಲ್ಲ. ಹಾಸಿಗೆಯ ಮೇಲೆ ನನ್ನ ಕೌದಿ, ಒಂದು ಮೂಲೆಯಿಂದ ನಡುವಿನ ತನಕ ಕತ್ತರಿಸಿ ತೆಗೆದ ಪುಟ್ಟ ಚೌಕ, ಪಕ್ಕದಲ್ಲಿ ಕತ್ತರಿ. ಚೌಕ ಕೂಸಿನ ಅಳತೆಯದು. ಫ್ಯಾನು ನಡುವೆ ತುಂಡಾಗಿತ್ತು, ಅರ್ಧ ಆ ಕಡೆ, ಅರ್ಧ ಈ ಕಡೆ. ಕೆಳಗೆ ಬರೆದಿದ್ದಳು: ಎಂಟನೇ ತಿಂಗಳು ಶುರುವಾಯಿತು, ಮಗುವಿಗೆ ಅಂತ ಒಂದು ತುಂಡು ತೆಗೆದಿದ್ದೇನೆ.

ಆ ದಿನ ಗುಂಪಿನಲ್ಲಿ ಒಬ್ಬರೂ ಒಳ್ಳೆಯ ಮಾತು ಬರೆಯಲಿಲ್ಲ. ಸಂಜೆ ಟೀಚರು ಫೋನ್ ಮಾಡಿದರು. "ಎಲ್ಲರ ಚಿತ್ರ ಇತ್ತು ಅಮ್ಮ ಅದರಲ್ಲಿ. ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರ ನಾ ಬ್ಯಾಡ ಅಂತಿದ್ದೆನ್ರಿ" ಅಂದೆ. "ಅದಕ್ಕ ಕೇಳಿಲ್ಲ."

ನನಗೂ ಸಿಟ್ಟು ಬಂದಿತ್ತು. ಅಷ್ಟು ದಿನದ ಹೊಲಿಗೆ, ಅಡ್ಡಡ್ಡ ಕತ್ತರಿ ಹಾಕಿದ್ದಾಳೆ, ಅದೂ ಸೊಟ್ಟ. ರಾತ್ರಿಯ ಅಡುಗೆಗೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತೆ. ಕೂಸಿನ ಮಾತು ಎತ್ತದಂತೆ ನಾನು ಉಪಾಯ ಮಾಡಿದ್ದೆ. ಅವಳ ಅತ್ತೆ ಫೋನಿನಲ್ಲಿ ಮಾಡುತ್ತಿದ್ದದ್ದನ್ನೇ ನಾನು ಅವಳ ಎತ್ತರದ ಕೌದಿಯಲ್ಲಿ ಮಾಡಿದ್ದೆ. ಕೂಸು ಬರುತ್ತದೆ ಅಂತ ಯಾರಾದರೂ ಹೇಳಬೇಕಿತ್ತು, ಯಾರೂ ಹೇಳದಿದ್ದಾಗ ಅವಳೇ ಕತ್ತರಿ ತೆಗೆದುಕೊಂಡಳು. ಕಪಾಟಿನಲ್ಲಿ ಆ ಚೌಕ ಉಳಿದರೆ ಏನು ಅನ್ನುವುದು ನನಗೆ ಗೊತ್ತಿದ್ದದ್ದಕ್ಕಿಂತ ಅವಳಿಗೆ ಹೆಚ್ಚು ಗೊತ್ತು. ಎರಡು ಸಲ ಬರಿಗೈಯಲ್ಲಿ ಬಂದವಳು ಅವಳು.

"ಅತ್ತಿ, ಆಕಿಗೆ ಏನ ಬರೀಲ್ರಿ?"

"ಅಂಚ ಕಟ್ಟದಿದ್ರ ವಾರದಾಗ ದಾರ ಕಿತ್ತ ಬರತಾವು. ಎರಡೂ ತುಂಡ ಕಳಸು ಅಂತ ಬರಿ. ಕತ್ತರಿ ಹಿಡಿಯೂದ ಕಲಕೋ ಅಂತನೂ ಬರಿ."

"ಅದನ್ನೂ ಬರೀಲ್ಯಾ?"

"ಬರಿ. ಬೆಲ್ಲ ಹಚ್ಚಬ್ಯಾಡ."

ಗಂಟು ಬಂತು. ಮೊದಲು ದೊಡ್ಡದಕ್ಕೆ ಅಂಚು ಕಟ್ಟಿದೆ. ಮೂಲೆ ಹೋದ ಕೌದಿಗೆ ಅಂಚು ಕಟ್ಟುವುದು ತೊಡಕಿನ ಕೆಲಸ, ಒಳಮೂಲೆಯಲ್ಲಿ ಬಟ್ಟೆ ಸುಕ್ಕಾಗುತ್ತದೆ. ಆಮೇಲೆ ಚಿಕ್ಕದನ್ನು ಹಿಡಿದೆ. ಮೂರು ಬದಿ ಮುಗಿಸಿ ನಾಲ್ಕನೆಯದನ್ನು ಹಾಗೇ ಇಟ್ಟಿದ್ದಾಗ ಸೂರತ್ತಿನಿಂದ ಹುಡುಗಿಯ ಗಂಡ ಫೋನ್ ಮಾಡಿದ. ಹೆಣ್ಣು. ದಿನ ತುಂಬಿಲ್ಲ, ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಉಸಿರು ಸರಿಯಾಗಿದೆ ಅಂತಾರೆ ಅಂದ. ನಾನು ಫೋನಿಟ್ಟು ಸೂಜಿ ಹುಡುಕಿದೆ. ಆ ನಾಲ್ಕನೆಯ ಬದಿಯನ್ನು ಬೇಕೆಂತಲೇ ಬಿಟ್ಟಿದ್ದಿರೇನು ಅಂತ ಸೊಸೆ ಇವತ್ತಿಗೂ ಕೇಳುತ್ತಾಳೆ. ಕೇಳಲಿ.

ಎರಡೂ ಕೌದಿ ಸೂರತ್ತಿಗೆ ಹೋದ ಮೇಲೆ ಬಹಳ ದಿನ ಆ ಹುಡುಗಿಯಿಂದ ಚಿತ್ರವೇ ಬರಲಿಲ್ಲ. ಗುಂಪಿನವರು ಒಬ್ಬರಾದ ಮೇಲೊಬ್ಬರು ಕೇಳಿದರು, ಟೀಚರು ಎರಡು ಸಲ ಬರೆದರು. ಸುಮ್ಮನಿರಲು ಹೇಳು, ಅವಳಿಗೆ ಕೈ ಬಿಡುವಿಲ್ಲ ಅಂತ ನಾನು ಬರೆಸಿದೆ. ಒಂದು ಸಂಜೆ ಅವಳದೇ ಫೋನ್ ಬಂತು. ಹಿಂದೆ ಕೂಸು ಕಿರುಚುತ್ತಿತ್ತು.

"ಅಜ್ಜಿ, ಚಿತ್ರ ಬರೆಯೋಕೇ ಆಗ್ತಿಲ್ಲ. ದಿನಕ್ಕೆ ಎರಡು ಸಲ ಮಗುವಿನ ಕೌದಿ ಒಗೆದು ಒಣಹಾಕ್ತೀನಿ. ಬಣ್ಣ ಎಲ್ಲ ಹೋಯ್ತು. ಟೀಚರ್‌ಗೆ ಹೇಳೋಕೆ ಮುಖ ಇಲ್ಲ."

"ಬಣ್ಣ ಹೋಗಲಿ. ದಾರ ಬಿಟ್ಟಾವೇನು?"

"ಇಲ್ಲ. ಒಂದೂ ಬಿಟ್ಟಿಲ್ಲ."

"ಹಂಗಾದ್ರ ಫೋನ್ ಇಡು. ಕೂಸು ಅಳಾಕತ್ತೈತಿ."